ಒಕ್ಕಣ್ಣಿನ ಹಾವು ಹೇಳಿದ್ದು

ನಮ್ಮ ಶಾಲೆಯ ಹೊಸ ಮಹಾದ್ವಾರದ ಎಡಗಂಬದಲ್ಲಿ ಒಂದು ಕಪ್ಪು ಕಲ್ಲು ಕೂರಿಸಿದ್ದಾರೆ. ಚಿನ್ನದ ಬಣ್ಣದ ಅಕ್ಷರಗಳಲ್ಲಿ ಅದರ ಮೇಲೆ ಹೀಗೆ ಕೆತ್ತಿದೆ: "ನಿಧಿ ಕಾಯುವವನಿಗೆ ನಿದ್ದೆಯಿಲ್ಲ. ಹಂಚಿದವನಿಗೆ ನಿಧಿಯಿಲ್ಲ, ಆದರೆ ನಿದ್ದೆ ಉಂಟು." ಕೆಳಗೆ ನಮ್ಮ ಸಂಚಾಲಕರ ಹೆಸರು. ಹೆಸರಿನ ಅಕ್ಷರಗಳು ಮಾತಿನ ಅಕ್ಷರಗಳಿಗಿಂತ ದಪ್ಪ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ವಯಸ್ಸಾಯಿತು, ರಕ್ತದೊತ್ತಡದ ಮಾತ್ರೆ ನುಂಗುತ್ತೇನೆ, ಆದರೂ ಉರಿಯುತ್ತದೆ.

ಆ ಮಾತು ಸಂಚಾಲಕರದ್ದಲ್ಲ. ಅವರಪ್ಪನದ್ದೂ ಅಲ್ಲ. ಅದು ಒಂದು ಕಾದಂಬರಿಯೊಳಗಿನ ಮುದಿ ಹಾವಿನದ್ದು. ಅದನ್ನು ಇಂಗ್ಲಿಷಿನಿಂದ ಎತ್ತಿ, ಕನ್ನಡದ ಬಟ್ಟೆ ತೊಡಿಸಿ, ನಮ್ಮ ಊರಿಗೆ ಕರೆದುಕೊಂಡು ಬಂದವರು ನಮ್ಮ ಡ್ರಾಯಿಂಗ್ ಮಾಸ್ಟ್ರು. ಅವರ ಹೆಸರು ಕಲ್ಲಿನಲ್ಲಿಲ್ಲ. ಹಾಗಾಗಿ ನಾನೂ ಇಲ್ಲಿ ಬರೆಯುವುದಿಲ್ಲ. ಕಲ್ಲಿನಲ್ಲಿ ಇರಬೇಕಾದ ಹೆಸರನ್ನು ಕಾಗದದಲ್ಲಿ ಬರೆದು ಸಮಾಧಾನ ಪಟ್ಟುಕೊಳ್ಳುವ ಜಾಯಮಾನ ನನ್ನದಲ್ಲ.

ತೊಂಬತ್ತರ ದಶಕದ ಮಾತು. ಸಿದ್ಧಕಟ್ಟೆಯ ಹತ್ತಿರದ ಆ ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಗಣಿತದ ಟೀಚರು. ಮಕ್ಕಳು ನನಗಿಟ್ಟ ಹೆಸರು ಗಾಂಧಾರಿ ಮೆಣಸು. ನೋಡಲು ಸಣ್ಣ, ಕಚ್ಚಿದರೆ ಗೊತ್ತಾಗುತ್ತದೆ ಎಂದು. ನಾನು ಮೂಡುಬಿದಿರೆಯಿಂದ ಬರುತ್ತಿದ್ದೆ, ಮಾಸ್ಟ್ರು ಬಂಟ್ವಾಳದಿಂದ. ಸಂಜೆ ಶಾಲೆ ಬಿಟ್ಟ ಮೇಲೆ ರಸ್ತೆಯ ಈಚೆ ಬದಿಯಲ್ಲಿ ನಾನು, ಆಚೆ ಬದಿಯಲ್ಲಿ ಅವರು, ಎದುರುಬದುರಾಗಿ ಬಸ್ಸು ಕಾಯುತ್ತ ನಿಲ್ಲುತ್ತಿದ್ದೆವು. ನಮ್ಮ ಸ್ನೇಹವೆಲ್ಲ ಆ ಡಾಮರು ರಸ್ತೆಯ ಅಡ್ಡಕ್ಕೆ ಕೂಗಿ ಕೂಗಿ ಆದದ್ದು. ನಡುವೆ ಲಾರಿ ಬಂದರೆ ಅವರು ಮಾತು ನಿಲ್ಲಿಸಿ, ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು. ಲಾರಿ ದಾಟಿದ ಕೂಡಲೇ ಬಿಟ್ಟ ಶಬ್ದದಿಂದ ಮುಂದುವರಿಸುತ್ತಿದ್ದರು.

ಮಾಸ್ಟ್ರು ಬ್ಯಾರಿ ಮನೆಮಾತಿನವರು, ಕರಾವಳಿಯ ಮುಸ್ಲಿಮರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಕಂಕುಳಲ್ಲಿ ಯಾವಾಗಲೂ ಕೊಡೆ. ಕೊಡೆಯ ಒಳಗೆ ಪುಸ್ತಕ. ಆ ಪುಸ್ತಕಗಳ ಕಥೆ ಹೇಳಬೇಕು. ಅವರ ಅಣ್ಣ ಗಲ್ಫಿನ ಒಂದು ದೊಡ್ಡ ಹೋಟೆಲಿನಲ್ಲಿ ಕೋಣೆ ಚೊಕ್ಕ ಮಾಡುವ ಕೆಲಸಕ್ಕಿದ್ದರು. ಅತಿಥಿಗಳು ಓದಿ ಬಿಟ್ಟುಹೋದ ದಪ್ಪ ಪುಸ್ತಕಗಳನ್ನು ಹೋಟೆಲಿನವರು ಬಿಸಾಡಲು ಹೇಳುತ್ತಿದ್ದರಂತೆ. ಬೇರೆಯವರ ಅಣ್ಣಂದಿರು ಊರಿಗೆ ಬರುವಾಗ ಅತ್ತರು, ಟೇಪ್‌ರೆಕಾರ್ಡರು, ಕಂಬಳಿ ತಂದರೆ ಇವರ ಅಣ್ಣ ಪೆಟ್ಟಿಗೆ ತುಂಬ ಆ ಪುಸ್ತಕ ತರುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಮಾಯಾಲೋಕದ ಕಾದಂಬರಿಗಳು. ಮಂತ್ರವಾದಿನಿಯರು, ರಾಕ್ಷಸರು, ಮಾತಾಡುವ ಪ್ರಾಣಿಗಳು, ನಕ್ಷೆಯಲ್ಲಿಲ್ಲದ ರಾಜ್ಯಗಳು. ಮಾಸ್ಟ್ರು ಒಂದು ಹಳೇ ನಿಘಂಟು ಇಟ್ಟುಕೊಂಡು ನಿಧಾನವಾಗಿ, ತಿಂಗಳಿಗೊಂದರಂತೆ, ಅವನ್ನು ಮುಗಿಸುತ್ತಿದ್ದರು. ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಅದು ತಮಾಷೆ. "ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ಅಜ್ಜಿಕತೆ?" ಎಂದರೆ, "ಅಜ್ಜಿಗೆ ಬೇಕಾದಷ್ಟು ಪ್ರಾಯ ಆಗಿತ್ತಲ್ಲ," ಎಂದು ನಕ್ಕು ಪುಟ ತಿರುಗಿಸುತ್ತಿದ್ದರು.

ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಒಂದು ಕರಿಹಲಗೆ. ಅದರಲ್ಲಿ ದಿನಕ್ಕೊಂದು 'ಇಂದಿನ ಸುಭಾಷಿತ' ಬರೆಯಬೇಕು, ಪ್ರಾರ್ಥನೆಯ ಹೊತ್ತಿಗೆ ಒಂದು ಮಗು ಅದನ್ನು ಗಟ್ಟಿಯಾಗಿ ಓದಬೇಕು. ಅಕ್ಷರ ಚೆಂದ ಇದ್ದವರಿಗೆ ಆ ಕೆಲಸ ಕಟ್ಟುವುದು ಎಲ್ಲ ಶಾಲೆಗಳ ಪದ್ಧತಿ. ಆದ್ದರಿಂದ ಅದು ಡ್ರಾಯಿಂಗ್ ಮಾಸ್ಟ್ರ ಪಾಲಿಗೆ ಬಂತು. ಮೊದಮೊದಲು ಅವರೂ ಎಲ್ಲರಂತೆ 'ಸಮಯವು ಅಮೂಲ್ಯ', 'ಕಷ್ಟಪಟ್ಟರೆ ಫಲ' ಎಂದೆಲ್ಲ ಬರೆದರು. ಒಂದು ಮಗುವೂ ಅತ್ತ ಕಣ್ಣು ಹಾಯಿಸಲಿಲ್ಲ. ಆಮೇಲೆ ಒಂದು ದಿನ ಹಲಗೆಯಲ್ಲಿ ಹೀಗೆ ಬಂತು: "ಹಸಿದವನ ಜೊತೆ ಸಂಧಿಯ ಮಾತು ಬೇಡ, ಮೊದಲು ಗಂಜಿ ಬಡಿಸು."

ನಾನು ಸಂಜೆ ರಸ್ತೆಯ ಈಚೆಯಿಂದ ಕೇಳಿದೆ, "ಮಾಸ್ಟ್ರೆ, ಇದು ಯಾರು ಹೇಳಿದ್ದು?"

"ಒಬ್ಬ ರಾಕ್ಷಸ ಟೀಚರ್! ಇಬ್ಬರು ರಾಜರ ಜಗಳ ಬಿಡಿಸ್ಲಿಕ್ಕೆ ಹೋಗಿರ್ತಾನೆ."

"ಹಾಗಾದ್ರೆ ಬೋರ್ಡಿನಲ್ಲಿ ರಾಕ್ಷಸ ಅಂತ ಬರೀಬೇಕಲ್ಲ?"

"ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತೇನೆ."

ಅವರ ಜೀವನದ ದೊಡ್ಡ ತಪ್ಪು ಅಂದರೆ ಇದೇ. ಕೇಳಿದವರಿಗೆ ನಿಜ ಹೇಳುವುದು.

ಅವರು ಆ ಮಾತುಗಳನ್ನು ಹಲಗೆಗೆ ಮಾತ್ರ ಇಟ್ಟುಕೊಂಡವರಲ್ಲ. ಪರೀಕ್ಷೆಯ ಮೇಲ್ವಿಚಾರಣೆಯ ದಿನ ಹಂಚುವಾಗ ಸ್ಟಾಫ್‌ರೂಮಿನಲ್ಲಿ ಪ್ರತಿ ವರ್ಷ ಮಹಾಭಾರತ ಆಗುತ್ತಿತ್ತು. ಆಗ ಮಾಸ್ಟ್ರು ಸದ್ದಿಲ್ಲದೆ ಎದ್ದುಹೋಗಿ ಎದುರಿನ ಹೋಟೆಲಿನಿಂದ ಬಿಸಿ ಗೋಳಿಬಜೆ ತರಿಸಿ ಮೇಜಿನ ನಡುವೆ ಇಡುತ್ತಿದ್ದರು. ತಿಂದಾದ ಮೇಲೆ ಜಗಳ ಅರ್ಧಕ್ಕೆ ಇಳಿಯುತ್ತಿತ್ತು. "ರಾಕ್ಷಸನಿಗೆ ಗೊತ್ತಿತ್ತು ನೋಡಿ," ಎನ್ನುತ್ತಿದ್ದರು.

ಒಮ್ಮೆ ನಾನು ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿಗೆ, ಮನೆಲೆಕ್ಕ ಮಾಡಲಿಲ್ಲವೆಂದು, "ನೀನು ಜನ್ಮದಲ್ಲಿ ಉದ್ಧಾರ ಆಗುದಿಲ್ಲ" ಎಂದು ಕಿರುಚಿದ್ದು ಪಕ್ಕದ ಕೋಣೆಗೆಲ್ಲ ಕೇಳಿಸಿತ್ತು. ಸಂಜೆ ರಸ್ತೆಯಾಚೆಯಿಂದ ಮಾಸ್ಟ್ರು ಕೈ ಎತ್ತಿದರು. "ಟೀಚರ್, ಒಬ್ಬಳು ಮಂತ್ರವಾದಿನಿ ಮಗಳಿಗೆ ಹೇಳ್ತಾಳೆ. ಶಾಪ ಕೊಡುದಾದ್ರೆ ಸಣ್ಣದು ಕೊಡು. ಹಿಂದೆ ತೆಗೊಳ್ಳುವಾಗ ಕೈಗೆ ಭಾರ ಆಗ್ಬಾರ್ದು!" ನಾನು, "ನಿಮ್ಮ ಮಂತ್ರವಾದಿನಿಗೆ ಬೀಜಗಣಿತ ಕಲಿಸ್ಲಿಕ್ಕೆ ಉಂಟಾ?" ಎಂದು ಕೂಗಿದೆ. ಅವರು ಬಸ್ಸು ಬರುವವರೆಗೂ ನಕ್ಕರು. ಆದರೆ ಅಂದಿನಿಂದ ನಾನು ಮಕ್ಕಳಿಗೆ ಜನ್ಮದ ಲೆಕ್ಕದಲ್ಲಿ ಬೈಯಲಿಲ್ಲ. ಆ ದಿನದ ಲೆಕ್ಕಕ್ಕೆ ಆ ದಿನದ ಬೈಗುಳ, ಅಷ್ಟೇ.

ನನ್ನ ಅಮ್ಮ ತೀರಿಹೋದಾಗ ಎಲ್ಲರೂ ಬಂದು ಆತ್ಮಕ್ಕೆ ಸಾವಿಲ್ಲ, ಹುಟ್ಟಿದವರು ಸಾಯಲೇಬೇಕು ಎಂದೆಲ್ಲ ಸಮಾಧಾನ ಹೇಳಿದರು. ಕೇಳಿ ಕೇಳಿ ಕಿವಿ ತೂತಾಗಿತ್ತು. ಬೊಜ್ಜದ ಉತ್ತರಕ್ರಿಯೆ ಕಳೆದು ನಾನು ಶಾಲೆಗೆ ಬಂದ ದಿನ ಮಾಸ್ಟ್ರು ರಸ್ತೆ ದಾಟಿ ನನ್ನ ಬದಿಗೆ ಬಂದು ನಿಂತರು. ಹಾಗೆ ದಾಟಿ ಬಂದದ್ದು ಅದೇ ಮೊದಲು. "ಸತ್ತವರನ್ನು ಎಬ್ಬಿಸುವ ಮಂತ್ರ ಒಂದುಂಟಂತೆ ಟೀಚರ್. ಕಲಿತವರು ಯಾರೂ ಪ್ರಯೋಗ ಮಾಡ್ಲಿಲ್ಲ. ಕಲಿತು ಮುಗಿಯುವಾಗ ಅವರ ಅಳು ಮುಗಿದಿರ್ತಿತ್ತು." ಅಷ್ಟು ಹೇಳಿ ಕೊಡೆ ಬಿಡಿಸಿ ನನ್ನ ತಲೆಯ ಮೇಲೆ ಹಿಡಿದರು. ಬಿಸಿಲಿತ್ತು. ಕೊಡೆಯೊಳಗಿನ ಪುಸ್ತಕ ಧೊಪ್ಪನೆ ಕೆಳಗೆ ಬಿತ್ತು. ಅಮ್ಮ ಹೋದ ಮೇಲೆ ನಾನು ಸರಿಯಾಗಿ ಅತ್ತದ್ದು ಆ ಬಸ್ ನಿಲ್ದಾಣದಲ್ಲಿ. ಋಷಿಮುನಿಗಳೆಲ್ಲ ಸೇರಿ ಮಾಡಲಾಗದ್ದನ್ನು ಯಾವುದೋ ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ಪುಸ್ತಕ ಮಾಡಿತು.

ಈಗ ಸಂಚಾಲಕರ ಪ್ರವೇಶ. ಇವರದ್ದು ಶಾಲೆಯ ಆಡಳಿತದಲ್ಲಿ ತಂದೆಯ ಕಾಲದಿಂದ ಬಂದ ಕುರ್ಚಿ. ಹೊಸ ಕಟ್ಟಡಕ್ಕೆ ದಾನಿಗಳನ್ನು ಹುಡುಕುತ್ತಿದ್ದ ಕಾಲ. ಒಂದು ಬೆಳಗ್ಗೆ ಹಲಗೆಯಲ್ಲಿ ಆ ನಿಧಿ-ನಿದ್ದೆಯ ಮಾತು ಕಂಡದ್ದೇ ಅವರ ಕಣ್ಣು ಅರಳಿತು. ದಾನಿಗಳ ಎದುರು ಹೇಳಲು ಇದಕ್ಕಿಂತ ಒಳ್ಳೆಯದು ಉಂಟಾ? ಬೆಳ್ತಂಗಡಿಯ ಒಂದು ಸಭೆಯಲ್ಲಿ ಅದನ್ನು 'ಋಷಿವಾಕ್ಯ' ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಎದುರಿನ ಸಾಲಿನಲ್ಲಿ ಒಬ್ಬರು ನಿವೃತ್ತ ಸಂಸ್ಕೃತ ಪಂಡಿತರು ಕೂತಿದ್ದರಂತೆ. "ಬಹಳ ಚೆನ್ನಾಗಿದೆ. ಯಾವ ಋಷಿ? ಮೂಲ ಶ್ಲೋಕ ಹೇಳಿ," ಎಂದು ಕೇಳಿಬಿಟ್ಟರು. ಸಂಚಾಲಕರು ತಡವರಿಸಿ, "ನಮ್ಮ ಶಾಲೆಯಲ್ಲಿ ಉಂಟು, ತಿಳಿಸ್ತೇನೆ," ಎಂದು ಕೂತರು.

ಮರುದಿನ ಮಧ್ಯಾಹ್ನ, ನಾವೆಲ್ಲ ಬುತ್ತಿ ಬಿಚ್ಚಿ ಕೂತಿದ್ದಾಗ, ಸ್ಟಾಫ್‌ರೂಮಿಗೇ ಬಂದರು.

"ಮಾಸ್ಟ್ರೆ, ಆ ನಿಧಿಯ ಮಾತು ಯಾವ ಋಷಿಯದ್ದು?"

ಮಾಸ್ಟ್ರು ಕೈ ತೊಳೆಯದೆಯೇ ಎದ್ದು ನಿಂತರು. "ಋಷಿಯದ್ದಲ್ಲ ಸರ್. ಹಾವಿನದ್ದು."

"ಯಾವ ಹಾವು?"

"ಕೆರೆಯ ಅಡಿಯಲ್ಲಿ ಮುಳುಗಿದ ಒಂದು ಪಟ್ಟಣ ಉಂಟು ಸರ್. ಅಲ್ಲಿಯ ಚಿನ್ನ ಕಾಯುವ ಮುದಿ ಹಾವು. ಒಕ್ಕಣ್ಣು. ಕದಿಲಿಕ್ಕೆ ಬಂದ ಹುಡುಗಿಗೆ ಅದು ಹೇಳುವ ಮಾತು. ಇಂಗ್ಲಿಷ್ ಕಾದಂಬರಿ. ಒಳ್ಳೆ ಪುಸ್ತಕ ಸರ್, ಬೇಕಾದ್ರೆ ತಂದು ಕೊಡ್ತೇನೆ."

ಪಿಟಿ ಮಾಸ್ಟ್ರು ಬಾಯಲ್ಲಿದ್ದ ಮಜ್ಜಿಗೆನೀರನ್ನು ಉಗುಳಿ ನಕ್ಕುಬಿಟ್ಟರು. ಆ ನಗು ಕೆಲಸ ಕೆಡಿಸಿತು. ಶಾಲೆಯ ಖಜಾನೆಯ ಕೀಲಿಕೈಯನ್ನು ಯಾರಿಗೂ ಬಿಟ್ಟುಕೊಡದೆ ಕೂತವರು ಯಾರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನನ್ನನ್ನು ಹಾವು ಅಂದದ್ದಾ ನೀವು?" ಸಂಚಾಲಕರ ಮುಖ ಕೆಂಪಾಯಿತು.

"ಅಯ್ಯೋ, ಇಲ್ಲ ಸರ್," ಎಂದರು ಮಾಸ್ಟ್ರು, ನಿಜವಾಗಿಯೂ ಗಾಬರಿಯಾಗಿ. "ಆ ಹಾವಿಗೆ ಕೊನೆಗೆ ಬುದ್ಧಿ ಬರ್ತದೆ."

ಇಷ್ಟಾದ ಮೇಲೆ ಕೇಳಬೇಕೇ? ಅದೇ ಸಂಜೆ ಅಪ್ಪಣೆಯಾಯಿತು. ದೇವರ ಮಾತು ಬರೆಯುವ ಹಲಗೆಯಲ್ಲಿ ಪಿಶಾಚಿಗಳ ಮಾತು ಬರೆದದ್ದಕ್ಕೆ ಮಾಸ್ಟ್ರು ಪ್ರಾರ್ಥನೆಯಲ್ಲಿ ಮಕ್ಕಳ ಎದುರು ಕ್ಷಮೆ ಕೇಳಬೇಕು. ಇನ್ನು ಮುಂದೆ ಆಡಳಿತದವರು ಕೊಟ್ಟ ಪುಸ್ತಕದಿಂದಲೇ ಬರೆಯಬೇಕು. ಸುದ್ದಿ ಬಂಟ್ವಾಳಕ್ಕೂ ಮುಟ್ಟಿತು. ಅವರ ಮಸೀದಿಯ ಜಮಾತಿನ ಹಿರಿಯರು ಇಬ್ಬರು ಮನೆಗೆ ಬಂದು, ಜಾದುಗಾರರ ಪುಸ್ತಕ ಓದುವುದು ನಮ್ಮವರಿಗೆ ಹೇಳಿದ್ದಲ್ಲ ಎಂದು ಬುದ್ಧಿ ಹೇಳಿ, ಚಾ ಕುಡಿದು ಹೋದರಂತೆ. ನಮ್ಮ ಊರಿನಲ್ಲಿ ಎರಡು ಕಡೆಯವರೂ ಒಂದೇ ಮಾತಿಗೆ ತಲೆಯಾಡಿಸಿದ್ದು ನಾನು ಕಂಡದ್ದು ಆ ಒಂದು ವಿಷಯದಲ್ಲಿ ಮಾತ್ರ. ಕಥೆಯೆಂದರೆ ಇವರಿಗೆಲ್ಲ ಎಂತ ಅಷ್ಟು ಹೆದರಿಕೆ?

ನಾನು ಸುಮ್ಮನಿರಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿ ಸಂಚಾಲಕರ ಎದುರು ನಿಂತೆ. "ಸರ್, ದೊಡ್ಡವರ ಮಾತು ಬರೆದಾಗ ಒಂದು ಮಗುವೂ ಓದ್ಲಿಲ್ಲ. ಈಗ ಪ್ರಾರ್ಥನೆಗೆ ಮೊದಲೇ ಬಂದು ಓದ್ತಾರೆ. ನೀವೇ ಓದಿ ಬೆಳ್ತಂಗಡಿಯಲ್ಲಿ ಚಪ್ಪಾಳೆ ತೆಗೊಂಡ್ರಿ. ಚಪ್ಪಾಳೆ ಹೊಡೆಯುವಾಗ ಇಲ್ಲದ ದೋಷ ಈಗ ಎಲ್ಲಿಂದ ಬಂತು?"

ಅವರು ನನ್ನ ಮುಖ ನೋಡಲಿಲ್ಲ. "ಟೀಚರ್, ನೀವು ಲೆಕ್ಕ ಕಲಿಸಿ. ಅಷ್ಟು ಸಾಕು."

ಮರುದಿನ ಬೆಳಗ್ಗೆ ಮಾಸ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿ, ಮಕ್ಕಳ ಸಾಲಿನ ಎದುರು ಕೈಕಟ್ಟಿ ನಿಂತರು. "ಮಕ್ಕಳೇ, ನಾನು ಇಷ್ಟು ದಿನ ಬರೆದದ್ದು ಮಹಾತ್ಮರ ಮಾತಲ್ಲ. ಕಥೆಯ ಹಾವು, ರಾಕ್ಷಸ, ಮಂತ್ರವಾದಿನಿ ಇವರ ಮಾತು. ಮಹಾತ್ಮರದ್ದು ಅಂತ ನಂಬಿದವರು ಇದ್ದರೆ ಕ್ಷಮಿಸಿ." ಐವತ್ತು ದಾಟಿದ ಮನುಷ್ಯ. ಹಿಂದಿನ ಸಾಲಿನ ಹುಡುಗಿಯರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಂಚಾಲಕರು ವೆರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ಕುರ್ಚಿಯ ಕಾಲು ಮುರಿಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮುರಿಯಲಿಲ್ಲ.

ಸಂಜೆ ನಾನು ರಸ್ತೆಯಾಚೆಗೆ ಕೂಗಿದೆ, "ನಿಮಗೆ ಸಿಟ್ಟೇ ಬರುದಿಲ್ವಾ ಮಾಸ್ಟ್ರೆ?"

"ಬರ್ತದೆ ಟೀಚರ್! ಬಸ್ಸು ಬರುವವರೆಗೆ ಉಂಟು!"

ಸುಳ್ಳು. ಬಸ್ಸು ಬಂದ ಮೇಲೂ ಇತ್ತು. ನನಗೆ ಅದು ಗೊತ್ತಾದದ್ದು ಬಳಪದಿಂದ. ಹಲಗೆಯಲ್ಲಿ ಬರೆಯುವ ಮೊದಲು ಅವರು ಯಾವಾಗಲೂ ಬಳಪವನ್ನು ಎರಡು ತುಂಡು ಮಾಡುತ್ತಿದ್ದರು. ಉದ್ದದ ಬಳಪ ಕಿರುಗುಟ್ಟುತ್ತದೆ, ತುಂಡು ಕಿರುಗುಟ್ಟುವುದಿಲ್ಲ. ಈಗ ಆಡಳಿತದವರ ಪುಸ್ತಕ ನೋಡಿ ಬರೆಯುವಾಗ ಇಡೀ ಬಳಪವನ್ನೇ ಹಿಡಿದರು. 'ಸಮಯವು ಅಮೂಲ್ಯ' ಎಂದು ಬರೆಯುವಾಗ ಅದು ಹಂದಿಮರಿಯ ಹಾಗೆ ಕಿರುಚುತ್ತಿತ್ತು. ಮುಖ್ಯೋಪಾಧ್ಯಾಯರು ಒಳಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮಾಸ್ಟ್ರು ನಿವೃತ್ತಿಯಾಗುವವರೆಗೆ ಪ್ರತಿ ದಿನ ಬೆಳಗ್ಗೆ ಆ ಶಬ್ದ ಕೇಳಿದೆವು. ಮಕ್ಕಳು ಪುನಃ ಹಲಗೆಯತ್ತ ನೋಡುವುದನ್ನು ಬಿಟ್ಟರು.

ಇನ್ನು ಸಂಚಾಲಕರ ಕಥೆ ಕೇಳಿ. ಪಿಶಾಚಿಯ ಮಾತನ್ನು ಅವರು ಬಿಟ್ಟರೆಂದು ತಿಳಿಯಬೇಡಿ. ಆ ಮಾತಿಗೆ ದಾನಿಗಳು ಕೈಬಿಚ್ಚುತ್ತಾರೆಂದು ಗೊತ್ತಾಗಿತ್ತಲ್ಲ! ಗುರುವಾಯನಕೆರೆಯಲ್ಲಿ ಹೇಳಿದರು, ಮೂಡುಬಿದಿರೆಯಲ್ಲಿ ಹೇಳಿದರು, ಪ್ರತಿ ವಾರ್ಷಿಕೋತ್ಸವದಲ್ಲಿ ಹೇಳಿದರು. ಮೊದಲು 'ಋಷಿವಾಕ್ಯ' ಎನ್ನುವುದು ಬಿಟ್ಟುಹೋಯಿತು, ಆಮೇಲೆ 'ಹಿರಿಯರು ಹೇಳುತ್ತಾರೆ' ಬಂತು, ಕೊನೆಗೆ 'ನಾನು ಯಾವಾಗಲೂ ಹೇಳುವುದುಂಟು' ಎಂದಾಯಿತು. ಮಾಸ್ಟ್ರ ಬೀಳ್ಕೊಡುಗೆಯ ದಿನ, ಅವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು, ಅವರ ಎದುರೇ ಆ ಮಾತು ಹೇಳಿದರು. ನಾಚಿಕೆ ಬೇಡವಾ! ಮಾಸ್ಟ್ರು ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ, "ಹಾವು ಬೆಳ್ತಂಗಡಿವರೆಗೆ ಹೋಗಿ ಬಂತಲ್ಲ ಟೀಚರ್. ಮೊದಲು ಕೆರೆ ಬಿಟ್ಟು ಎಲ್ಲಿಗೂ ಹೋದದ್ದಲ್ಲ," ಎಂದರು.

ನಿವೃತ್ತಿಯಾದ ಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ಹೃದಯದ ತೊಂದರೆ. ಸುದ್ದಿ ಮುಟ್ಟಿ ನಾನು ಬಂಟ್ವಾಳದ ಮನೆಗೆ ಹೋಗುವಾಗ ಎಲ್ಲ ಮುಗಿದಿತ್ತು. ಗಲ್ಫಿನ ಕೆಲಸ ಬಿಟ್ಟು ಊರಿನಲ್ಲೇ ಇದ್ದ ಅಣ್ಣ ಜಗಲಿಯಲ್ಲಿ ಕೂತಿದ್ದರು. "ಟೀಚರ್, ಅಷ್ಟು ಪುಸ್ತಕ ತಂದೆ, ನಾನು ಒಂದೂ ಓದಿದವನಲ್ಲ. ಅವನೇ ಕತೆ ಹೇಳ್ತಿದ್ದ, ಮೊದಲು ಫೋನಿನಲ್ಲಿ, ಆಮೇಲೆ ಈ ಜಗಲಿಯಲ್ಲಿ. ಇನ್ನು ಮುಂದಿನದ್ದು ಯಾರು ಹೇಳುದು?" ಎಂದರು. ಶಾಲೆಯ ಕಡೆಯಿಂದ ಒಂದು ಒಳ್ಳೆಯ ಮಾತು, ಒಂದು ದಿನದ ರಜೆ ಎಂತದೂ ಇಲ್ಲ. ಮೌನ ಪ್ರಾರ್ಥನೆಯನ್ನೂ ನಾನು ಕೂಗಾಡಿದ ಮೇಲೆ ಮಾಡಿದ್ದು.

ಮರುವರ್ಷ ಶಾಲೆಯ ಸುವರ್ಣ ಮಹೋತ್ಸವ. ಶಾಮಿಯಾನ, ಹಳೇ ವಿದ್ಯಾರ್ಥಿಗಳು, ಗಣ್ಯರು, ಮಹಾದ್ವಾರದ ಉದ್ಘಾಟನೆ. ಪರದೆ ಸರಿಸಿದಾಗ ಕಲ್ಲು ಕಂಡಿತು. ಮಾತು ಮಾಸ್ಟ್ರದ್ದು, ಹೆಸರು ಸಂಚಾಲಕರದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆ ಮುದ್ದೆಯಾಗಿತ್ತು. ಅದರಲ್ಲಿ ಕೊನೆಯ ಸಾಲು: ಧನ್ಯವಾದ ಸಮರ್ಪಣೆ, ಹಿರಿಯ ಶಿಕ್ಷಕಿಯವರಿಂದ. ಆ ಹಿರಿಯ ಶಿಕ್ಷಕಿ ನಾನೇ.

ಧನ್ಯವಾದ ಕೇಳಲು ಯಾರೂ ಕೂರುವುದಿಲ್ಲ. ಊಟದ ವಾಸನೆ ಬಂದಾಗಿತ್ತು, ಜನ ಚಪ್ಪಲಿ ಹುಡುಕುತ್ತಿದ್ದರು. ನಾನು ಮೈಕಿನ ಎದುರು ನಿಂತು ಅತಿಥಿಗಳಿಗೆ, ದಾನಿಗಳಿಗೆ, ಶಾಮಿಯಾನದವರಿಗೆ, ಮೈಕಿನವರಿಗೆ ಕ್ರಮಪ್ರಕಾರ ಧನ್ಯವಾದ ಹೇಳಿದೆ. ಆಮೇಲೆ ಹೇಳಿದೆ: "ಮಹಾದ್ವಾರದ ಕಲ್ಲಿನಲ್ಲಿರುವ ಸುಂದರ ಮಾತನ್ನು ಹೇಳಿದ, ಕೆರೆಯ ತಳದಲ್ಲಿ ಚಿನ್ನ ಕಾಯುವ ಒಕ್ಕಣ್ಣಿನ ಮುದಿ ಹಾವಿಗೆ ಹೃತ್ಪೂರ್ವಕ ಧನ್ಯವಾದಗಳು. ಅದನ್ನು ಕನ್ನಡದಲ್ಲಿ ಮಾತಾಡಿಸಿದ ನಮ್ಮ ದಿವಂಗತ ಡ್ರಾಯಿಂಗ್ ಮಾಸ್ಟ್ರಿಗೆ ಧನ್ಯವಾದಗಳು. ಇದೇ ಮಾತಿಗಾಗಿ ಇದೇ ಅಂಗಳದಲ್ಲಿ ಅವರು ಕ್ಷಮೆ ಕೇಳಿದ್ದರು. ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ, ಅವರ ತಪ್ಪೇನೂ ಇರಲಿಲ್ಲವೆಂದು ಒಪ್ಪಿಕೊಂಡ ಸಂಚಾಲಕರಿಗೂ ಧನ್ಯವಾದಗಳು."

ಚಪ್ಪಲಿ ಹುಡುಕುತ್ತಿದ್ದವರು ನಿಂತರು. ಹಳೇ ವಿದ್ಯಾರ್ಥಿಗಳ ಸಾಲಿನಿಂದ ಮೊದಲು ಒಂದು ನಗು ಬಂತು. ಆಮೇಲೆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡಿದ್ದ ಒಬ್ಬಳು ಎದ್ದು ನಿಂತು, "ಹಸಿದವನ ಜೊತೆ ಸಂಧಿಯ ಮಾತು ಬೇಡ, ಮೊದಲು ಗಂಜಿ ಬಡಿಸು!" ಎಂದು ಪ್ರಾರ್ಥನೆಯಲ್ಲಿ ಓದುವ ದನಿಯಲ್ಲಿ ಕೂಗಿದಳು. ನಾನು 'ಜನ್ಮದಲ್ಲಿ ಉದ್ಧಾರ ಆಗುದಿಲ್ಲ' ಎಂದಿದ್ದ ಹುಡುಗಿ ಅವಳೇ. ಆಮೇಲೆ ಚಪ್ಪಾಳೆ. ಉದ್ಘಾಟನೆಗೆ ಬಿದ್ದದ್ದಕ್ಕಿಂತ ಜೋರಾಗಿ.

ಊಟದ ಸಾಲಿನಲ್ಲಿ ಸಂಚಾಲಕರು ನನ್ನನ್ನು ಅಡ್ಡ ಹಾಕಿದರು. "ಟೀಚರ್, ನನ್ನ ಮಾನ ತೆಗೆದ್ರಿ. ನಿಮಗೆ ನಾನು ಎಂತ ಅನ್ಯಾಯ ಮಾಡಿದ್ದೆ?"

ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಶಾಪಗಳೆಲ್ಲ ನಾಲಿಗೆಯ ತುದಿಗೆ ಬಂದವು. ನಿನ್ನ ಕುರ್ಚಿ ಮುರಿಯಲಿ, ನಿನ್ನ ಕಲ್ಲು ಸಿಡಿಯಲಿ, ನಿನ್ನ ಮನೆ... ಅಷ್ಟರಲ್ಲಿ ರಸ್ತೆಯಾಚೆ ಕೈ ಎತ್ತಿದ ಮನುಷ್ಯ ನೆನಪಾದರು. ನಾನು ಅವನ್ನೆಲ್ಲ ನುಂಗಿಕೊಂಡೆ.

"ನನಗೆ ಎಂತದೂ ಮಾಡ್ಲಿಲ್ಲ ಸರ್. ಅವರಿಗೆ ಮಾಡಿದ್ದು. ಆ ಗೇಟಿನಲ್ಲಿ ಹೋಗುವಾಗ ಬರುವಾಗ ನಿಮಗೆ ಹಾವು ನೆನಪಾಗ್ಲಿ. ಅಷ್ಟೇ."

ಈಗ ಅವರ ಕಾರು ಹಿಂದಿನ ಗೇಟಿನಿಂದ ಬರುತ್ತದಂತೆ. ಅಲ್ಲಿ ರಸ್ತೆ ಸರಿಯಿಲ್ಲ, ಮಳೆಗಾಲದಲ್ಲಿ ಚಕ್ರ ಹೂತುಹೋಗುತ್ತದೆ, ಆದರೂ ಅಲ್ಲಿಂದಲೇ. ಶಾಪ ಬಹಳ ಸಣ್ಣದು. ಮಂತ್ರವಾದಿನಿ ಹೇಳಿದ ಹಾಗೆ, ಹಿಂದೆ ತೆಗೆದುಕೊಳ್ಳಲು ಕೈಗೆ ಸ್ವಲ್ಪವೂ ಭಾರವಿಲ್ಲ. ಆ ಕಲ್ಲಿನಲ್ಲಿ ಮಾಸ್ಟ್ರ ಹೆಸರು ಕೆತ್ತಿದ ದಿನ ತೆಗೆದುಕೊಳ್ಳುತ್ತೇನೆ.